ವಾಲ್ವಿನ ಆಂಪ್ಲಿಫೈಯರನ್ನು ಕೈಯಾರೆ ಕಟ್ಟುವವರ ಪರವಾಗಿ

ಹಳೆಯ ರೇಡಿಯೋ ಪೆಟ್ಟಿಗೆಯ ಹಿಂಬದಿಯ ರಟ್ಟನ್ನು ಬಿಚ್ಚಿ ನೋಡಿದವರಿಗೆ ವಾಲ್ವಿನ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಗಾಳಿಯನ್ನೆಲ್ಲ ಹೊರದೆಗೆದು ಬಾಯಿ ಮುಚ್ಚಿದ ಗಾಜಿನ ಬುರುಡೆ. ಅದರ ಮಧ್ಯದಲ್ಲಿ ಕೆಂಡದಂತೆ ಕಾಯುವ ಸಣ್ಣದೊಂದು ಕೊಳವೆ. ಕೊಳವೆಯ ಸುತ್ತ ಕೂದಲೆಳೆಯಂತಹ ತಂತಿಯ ಜಾಲರಿ. ಎಲ್ಲವನ್ನೂ ಆವರಿಸಿ ನಿಂತ ಲೋಹದ ತಗಡು. ಇಂತಹ ವಾಲ್ವುಗಳನ್ನು ಎಲ್ಲಿಂದಲೋ ಅರಸಿ ತಂದು, ಅಲ್ಯೂಮಿನಿಯಂ ತಗಡನ್ನು ತಾವೇ ಬಗ್ಗಿಸಿ ತೂತು ಕೊರೆದು, ಒಂದೊಂದೇ ಬೆಸುಗೆ ಹಾಕಿ, ಸಂಗೀತ ಕೇಳುವ ಆಂಪ್ಲಿಫೈಯರನ್ನು ಮನೆಯಲ್ಲಿಯೇ ಕಟ್ಟಿಕೊಳ್ಳುವ ಜನ ಇಂದಿಗೂ ಅಲ್ಲಲ್ಲಿ ಇದ್ದಾರೆ, ನಾನೂ ಅವರಲ್ಲೊಬ್ಬನು. ಅಂಗೈಯಗಲದ ಸಾಧನವೊಂದು ಕೆಲವೇ ನೂರು ರೂಪಾಯಿಗೆ ನಿರ್ಮಲವಾದ ಧ್ವನಿಯನ್ನು ಕೊಡುವ ಈ ಕಾಲದಲ್ಲಿ ಇಷ್ಟೊಂದು ಶ್ರಮವೇಕೆ ಎಂದು ಮಿತ್ರರು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದದ್ದೇ, ಅದಕ್ಕೆ ನಮ್ಮವರು ಸಾಮಾನ್ಯವಾಗಿ ಕೊಡುವ ಉತ್ತರ ಮಾತ್ರ ನನಗೆ ಒಪ್ಪಿಗೆಯಾಗಿಲ್ಲ.

ವಾಲ್ವಿನ ನಾದಕ್ಕಿರುವ ಮಾಧುರ್ಯವು ಬೇರಾವುದಕ್ಕೂ ಇಲ್ಲವೆಂಬುದು ಆ ಉತ್ತರ. ಮಾಧುರ್ಯವುಂಟು, ನಿಜ, ಆದರೆ ಅದರ ಕಾರಣವನ್ನು ಮರೆಮಾಡಬಾರದು. ಇಎಲ್84 ಎಂಬ ವಾಲ್ವೊಂದರಿಂದಲೇ ಸ್ಪೀಕರನ್ನು ನುಡಿಸುವ ಸರಳ ಆಂಪ್ಲಿಫೈಯರು ತನ್ನ ಪೂರ್ಣಶಕ್ತಿಯಾದ ಸುಮಾರು ಐದೂಮುಕ್ಕಾಲು ವಾಟನ್ನು ಮುಟ್ಟುವ ಹೊತ್ತಿಗೆ ಮೂಲಧ್ವನಿಗೆ ನೂರಕ್ಕೆ 10ರಷ್ಟು ವಿಕೃತಿಯನ್ನು ಬೆರೆಸುತ್ತದೆಂದು ತಯಾರಕರ ಕೈಪಿಡಿಯೇ ಹೇಳುತ್ತದೆ. ಟ್ರಯೋಡ್ ಎಂಬ ಮೂರು ಧ್ರುವಗಳ ವಾಲ್ವನ್ನು ಒಂಟಿಯಾಗಿ ಬಳಸಿದಾಗಲಾದರೋ ಈ ವಿಕೃತಿಯ ಬಹುಭಾಗವು ಮೂಲಸ್ವರದ ಇಮ್ಮಡಿ ಆವರ್ತದ್ದು, ಎಂದರೆ ಷಡ್ಜದ ಬೆನ್ನಿಗೆ ತಾರಷಡ್ಜದ ಛಾಯೆಯೊಂದು ಕೂಡಿಕೊಂಡಂತೆ. ಅದರಿಂದ ಕಿವಿಗೆ ಹಿತವಾಗುವುದು ಸಹಜ. ಹಿತವಾದದ್ದೆಲ್ಲ ಯಥಾರ್ಥವಲ್ಲವೆಂಬುದನ್ನು ಒಪ್ಪಿಕೊಂಡೇ ನಾವು ಮಾತನಾಡಬೇಕು.

ನನ್ನ ಸಮರ್ಥನೆ ಬೇರೆ. ಸಾಮಾನ್ಯ ವಿದ್ಯೆಯುಳ್ಳ ಒಬ್ಬ ಮನುಷ್ಯನು ಆದ್ಯಂತವಾಗಿ ಅರಿಯಬಲ್ಲ, ಅಳೆಯಬಲ್ಲ, ಕೆಟ್ಟರೆ ತಾನೇ ಸರಿಪಡಿಸಬಲ್ಲ ಯಂತ್ರಗಳು ನಮ್ಮ ಮನೆಗಳಿಂದ ಒಂದೊಂದಾಗಿ ಮರೆಯಾಗುತ್ತಿರುವಾಗ, ವಾಲ್ವಿನ ಆಂಪ್ಲಿಫೈಯರು ಹಾಗೆ ಅರಿಯಲು ಬರುವ ಯಂತ್ರವಾಗಿ ಉಳಿದಿದೆ. 1904ರಲ್ಲಿ ಫ್ಲೆಮಿಂಗನು ಎರಡು ಧ್ರುವಗಳ ವಾಲ್ವನ್ನು ರೂಪಿಸಿದನು; 1906ರಲ್ಲಿ ಲೀ ಡಿ ಫಾರೆಸ್ಟನು ನಡುವೆ ಮೂರನೆಯದೊಂದನ್ನು ಸೇರಿಸಿದನು. ಮುಂದೆ ಜಾಲರಿಯ ರೂಪ ತಳೆದ ಈ ಮೂರನೆಯ ಧ್ರುವದ ಮೇಲಿನ ಅತ್ಯಲ್ಪ ವಿದ್ಯುದೊತ್ತಡವು, ಕಾಯುವ ಕೊಳವೆಯಾದ ಕ್ಯಾಥೋಡಿನಿಂದ ಹೊರಗಿನ ತಗಡಾದ ಪ್ಲೇಟಿಗೆ ಹರಿಯುವ ಎಲೆಕ್ಟ್ರಾನುಗಳ ಪ್ರವಾಹವನ್ನು, ಕಾಲುವೆಯ ತೂಬು ನೀರನ್ನು ಹೇಗೋ ಹಾಗೆ, ಹಿಡಿದೂ ಬಿಟ್ಟೂ ಆಳುತ್ತದೆ. ತತ್ತ್ವವೆಲ್ಲ ಇಷ್ಟೇ, ಮಿಕ್ಕದ್ದು ಲೆಕ್ಕ. ಇಎಲ್84ರ ಕ್ಯಾಥೋಡಿಗೆ ಜೋಡಿಸಿದ 135 ಓಮಿನ ರೆಸಿಸ್ಟರಿನ ಮೇಲೆ ಮೀಟರಿಟ್ಟಾಗ 7.3 ವೋಲ್ಟು ಕಂಡರೆ, ಶಾಲೆಯಲ್ಲಿ ಕಲಿತ ಓಮನ ಸೂತ್ರದಂತೆ ಭಾಗಿಸಿ, ವಾಲ್ವಿನಲ್ಲಿ 54 ಮಿಲಿಆಂಪಿಯರು ಹರಿಯುತ್ತಿದೆ, ಎಲ್ಲವೂ ಕ್ಷೇಮವೆಂದು ತಿಳಿಯಬಹುದು. 12 ವೋಲ್ಟು ಕಂಡರೆ ಹಿಂದಿನ ಹಂತದಿಂದ ಬರುವ ಕಪ್ಲಿಂಗ್ ಕೆಪಾಸಿಟರು ಸೋರುತ್ತಿದೆಯೇನೋ ಎಂದು ಶಂಕಿಸಬಹುದು. ಪುಸ್ತಕದಲ್ಲಿ ಓದಿದ ಸೂತ್ರವು ಕೈಯಲ್ಲಿರುವ ಮೀಟರಿನ ಮುಳ್ಳಿನಲ್ಲಿ ನಿಜವಾಗುವುದನ್ನು ಕಂಡ ಹುಡುಗನು ಅದನ್ನು ಮುಂದೆಂದೂ ಮರೆಯಲಾರನು.

ಈ ಹವ್ಯಾಸಕ್ಕೆ ಒಂದು ಉಜ್ವಲ ಪರಂಪರೆಯೂ ಇದೆ. 1947ರ ಏಪ್ರಿಲ್ ಮತ್ತು ಮೇ ತಿಂಗಳ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಡಿ. ಟಿ. ಎನ್. ವಿಲಿಯಮ್‌ಸನ್ ಎಂಬ ಎಡಿನ್‌ಬರೋದ ತರುಣನು, ಎರಡು ಕೆಟಿ66 ವಾಲ್ವುಗಳನ್ನು ಟ್ರಯೋಡಿನಂತೆ ಬಳಸಿ, 15 ವಾಟು ಶಕ್ತಿಯಲ್ಲಿಯೂ ವಿಕೃತಿಯು ನೂರಕ್ಕೆ 0.1ನ್ನು ಮೀರದ ಆಂಪ್ಲಿಫೈಯರೊಂದನ್ನು ಪ್ರಕಟಿಸಿದನು. ಅವನಿಗೆ ಆಗ 23 ವರ್ಷ. ಧ್ವನಿಯ ಅಂಶವೊಂದನ್ನು ಕೊನೆಯಿಂದ ಮೊದಲಿಗೆ ಹಿಂದಿರುಗಿಸಿ ತಪ್ಪನ್ನು ತಪ್ಪಿನಿಂದಲೇ ಕಳೆಯುವ ಋಣಾತ್ಮಕ ಫೀಡ್‌ಬ್ಯಾಕಿನ ಉಪಾಯವನ್ನು ಹೆರಾಲ್ಡ್ ಬ್ಲ್ಯಾಕನು 1927ರಲ್ಲಿಯೇ ಕಂಡುಹಿಡಿದಿದ್ದನು. ಅದನ್ನು ಸಂಗೀತಕ್ಕೆ ಸಮರ್ಥವಾಗಿ ಅಳವಡಿಸಿದ್ದು ವಿಲಿಯಮ್‌ಸನ್ನನ ಹಿರಿಮೆ. ಅದಕ್ಕಿಂತಲೂ ನಾನು ಮೆಚ್ಚುವುದು ಅವನ ಔದಾರ್ಯವನ್ನು. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಸುತ್ತುವ ವಿವರದವರೆಗೆ ಎಲ್ಲವನ್ನೂ ಅವನು ಅಚ್ಚಿಗೆ ಕೊಟ್ಟನು; ಲೇಖನವನ್ನು ಓದಿದ ಹವ್ಯಾಸಿಗಳು ಅನೇಕ ದೇಶಗಳಲ್ಲಿ ಅದನ್ನು ತಮ್ಮ ಮೇಜುಗಳ ಮೇಲೆ ಕಟ್ಟಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ವಾಲ್ವಿನ ಕಲೆಯು ಶಿಖರವನ್ನೇರಿದ್ದೂ ಅದರ ಅವಸಾನದ ಬೀಜ ಬಿದ್ದದ್ದೂ ಒಂದೇ ವರ್ಷದಲ್ಲಿ.

ಕಟ್ಟುವ ಕೆಲಸದಲ್ಲಿ ಅತ್ಯಂತ ಕಠಿನವಾದದ್ದು ಆ ಟ್ರಾನ್ಸ್‌ಫಾರ್ಮರೇ. ಇಎಲ್84 ಬಯಸುವುದು 5,200 ಓಮಿನ ಭಾರವನ್ನು. ಸ್ಪೀಕರಿನದು 8 ಓಮು. ಇವೆರಡನ್ನು ಹೊಂದಿಸಲು ಪ್ರೈಮರಿಯ ಸುಮಾರು 25 ಸುತ್ತಿಗೆ ಸೆಕೆಂಡರಿಯ ಒಂದು ಸುತ್ತು ಬೇಕು. ಎರಡನ್ನೂ ಪದರ ಪದರವಾಗಿ ಒಂದರೊಳಗೊಂದು ಹೊಂದಿಸಿ ಸುತ್ತದಿದ್ದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ಅದರ ತಿರುಳಿನ ಕಬ್ಬಿಣದ ತಗಡುಗಳ ನಡುವೆ ಕಾಗದದ ತುಂಡಿಟ್ಟು ತೆರವು ಬಿಡದಿದ್ದರೆ ಕೆಳಗಿನ ಸ್ವರಗಳು ಕುಸಿಯುತ್ತವೆ. ಮೋಟಾರು ವೈಂಡಿಂಗ್ ಅಂಗಡಿಯವರು ಈ ಕೆಲಸವನ್ನು ಒಪ್ಪಿಕೊಳ್ಳುತ್ತಾರೆ. ಆದರೆ ಪಕ್ಕದಲ್ಲಿ ಕುಳಿತು ಪ್ರತಿ ಪದರವನ್ನೂ ಹೇಳಿ ಮಾಡಿಸಿಕೊಳ್ಳುವ ತಾಳ್ಮೆ ನಮಗಿರಬೇಕು.

ಆಂಪ್ಲಿಫೈಯರಿಗೆ ಮುನ್ನ ಬರುವ ಪ್ರೀಆಂಪ್ಲಿಫೈಯರಿನ ಪರೀಕ್ಷೆ ಇನ್ನೊಂದು ಬಗೆಯದು. ಗ್ರಾಮಫೋನಿನ ಮುಳ್ಳಿನಿಂದ ಹೊರಡುವ ಸಂಜ್ಞೆಯು ಕೆಲವೇ ಮಿಲಿವೋಲ್ಟು. ಅದನ್ನು ನೂರ್ಮಡಿ ಹಿಗ್ಗಿಸುವಾಗ ಜೊತೆಗೆ ಸೇರಿದ ಕ್ಷುದ್ರ ಸದ್ದೂ ನೂರ್ಮಡಿ ಹಿಗ್ಗುತ್ತದೆ. ನಾನು ಕಟ್ಟಿದ ಮೊದಲನೆಯ ಪ್ರೀಆಂಪ್ಲಿಫೈಯರು ಮೂರು ವಾರಗಳ ಕಾಲ ಎಡೆಬಿಡದೆ ಗುಂಯ್‌ಗುಟ್ಟಿತು. ಫಿಲ್ಟರಿನ ಕೆಪಾಸಿಟರುಗಳನ್ನು ಎರಡು ಬಾರಿ ಬದಲಿಸಿದರೂ ಫಲವಾಗಲಿಲ್ಲ. ಕೊನೆಗೆ ವಯೋವೃದ್ಧರಾದ ರೇಡಿಯೋ ಮೆಕ್ಯಾನಿಕರೊಬ್ಬರು ಬಂದು, ಕಣ್ಣು ಮುಚ್ಚಿ ಅರೆಗಳಿಗೆ ಕೇಳಿ, "ಸ್ವಾಮಿ, ಇದು ಐವತ್ತು ಹರ್ಟ್ಸಿನ ಹಮ್ಮು, ನೂರರದಲ್ಲ. ಫಿಲ್ಟರನ್ನು ಬಿಡಿ, ಹೀಟರಿನ ತಂತಿ ನೋಡಿ" ಎಂದರು. ಫಿಲ್ಟರಿನ ದೋಷವಾಗಿದ್ದರೆ ಸದ್ದು ಒಂದು ಸ್ಥಾಯಿ ಮೇಲಿರುತ್ತಿತ್ತು. ಅವರೆಂದಂತೆ, ವಾಲ್ವನ್ನು ಕಾಯಿಸುವ ಹೀಟರಿನ ತಂತಿಯು ಇಸಿಸಿ83 ಎಂಬ ವಾಲ್ವಿನ ಜಾಲರಿಗೆ ಹೋಗುವ ತಂತಿಯ ಮಗ್ಗುಲಲ್ಲೇ ಹಾದಿತ್ತು. ಎರಡೆಳೆಯನ್ನೂ ಹೊಸೆದು ತಗಡಿನ ಮೂಲೆಗೆ ಸರಿಸಿದೊಡನೆ ಮೌನ ನೆಲೆಸಿತು. ಆ ಮೌನದ ನಡುವಿನಿಂದ ವೀಣೆಯ ಮೊದಲ ಮೀಟು ಕೇಳಿಬಂದಾಗ ನನಗಾದ ಆನಂದವನ್ನು ಹಣ ಕೊಟ್ಟು ತಂದ ಯಾವ ಯಂತ್ರವೂ ಕೊಟ್ಟಿಲ್ಲ.

ಕನ್ನಡನಾಡಿಗೆ ಈ ವಿದ್ಯೆಯು ಪರಕೀಯವೇನೂ ಅಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿ 'ಆಕಾಶವಾಣಿ'ಯೆಂದು ಕರೆದದ್ದು ವಾಲ್ವಿನ ಬಲದಿಂದ. 1960ರ ದಶಕದಿಂದ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಅಲ್ಲಿಯ ಮುದ್ರೆಯುಳ್ಳ ವಾಲ್ವುಗಳನ್ನು ಹವ್ಯಾಸಿಗಳು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಇಂದು ಹೊಸ ವಾಲ್ವು ಬರುವುದು ಬಹುಪಾಲು ರಷ್ಯಾ, ಸ್ಲೋವಾಕಿಯಾ, ಚೀನಗಳಿಂದ. ಮಿಕ್ಕ ಸಾಮಗ್ರಿಗಳಿಗೆ ಬೆಂಗಳೂರಿನ ಎಸ್. ಪಿ. ರಸ್ತೆಯಿದೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳು ಪ್ರತಿ ವಿದ್ಯಾರ್ಥಿಯಿಂದಲೂ ಒಮ್ಮೆಯಾದರೂ ಇಂತಹದೊಂದು ಆಂಪ್ಲಿಫೈಯರನ್ನು ಕಟ್ಟಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಪಾಯವನ್ನು ಹೇಳದೆ ಬಿಡುವುದು ಅಧರ್ಮವಾದೀತು. ಇದರೊಳಗಿನ ವಿದ್ಯುತ್ತು 250ರಿಂದ 400 ವೋಲ್ಟಿನದು. ಸ್ವಿಚ್ಚನ್ನು ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಅದು ಅಡಗಿ ಕುಳಿತಿದ್ದು ಪ್ರಾಣವನ್ನೇ ತೆಗೆಯಬಲ್ಲದು. ರೆಸಿಸ್ಟರಿನ ಮೂಲಕ ಅದನ್ನು ಬರಿದುಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಒಳಗೆ ಕೈಯಿಡಬೇಕು. ಎಳೆಯರು ಬಲ್ಲವರೊಬ್ಬರನ್ನು ಪಕ್ಕದಲ್ಲಿರಿಸಿಕೊಳ್ಳದೆ ತೊಡಗಲೇಬಾರದು. ಟ್ರಾನ್ಸ್‌ಫಾರ್ಮರಿಲ್ಲದ ಎ.ಸಿ.-ಡಿ.ಸಿ. ರೇಡಿಯೋಗಳಲ್ಲಿ ತಗಡಿಗೇ ಮನೆಯ ವಿದ್ಯುತ್ತು ತಾಗಿರುವುದರಿಂದ ಅವುಗಳನ್ನು ಮುಟ್ಟದಿರುವುದು ಲೇಸು.

ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ: ನಿಮ್ಮ ಅಟ್ಟದ ಮೇಲೆ ತಾತನವರ ಕಾಲದ ವಾಲ್ವ್ ರೇಡಿಯೋ ಇದ್ದರೆ ಅದನ್ನು ತೂಕಕ್ಕೆ ಗುಜರಿಗೆ ಹಾಕಬೇಡಿ, ಕಟ್ಟಬಲ್ಲ ಒಬ್ಬ ಹುಡುಗನಿಗೋ ಹುಡುಗಿಗೋ, ಕಲಿಸಬಲ್ಲ ಹಿರಿಯರೊಬ್ಬರ ಸಮ್ಮುಖದಲ್ಲಿ, ಕೊಟ್ಟುಬಿಡಿ.