ಹೆರಿಗೆಯ ಕೋಣೆಯಲ್ಲಿ ದಾದಿಯ ಕಾವಲು

ನಮ್ಮ ಶಾಲೆಯಲ್ಲಿ ಓದಿ ವೈದ್ಯರಾದವರ ಹೆಸರುಗಳನ್ನು ತಾಯಿತಂದೆಗಳು ಅಭಿಮಾನದಿಂದ ಎಣಿಸುತ್ತಾರೆ, ಉಪಾಧ್ಯಾಯಿನಿಯರಾದವರನ್ನೂ ಎಣಿಸುತ್ತಾರೆ. ದಾದಿಯರಾದವರನ್ನು ಹೇಳುವಾಗ ಮಾತ್ರ ಸ್ವರವು ಸ್ವಲ್ಪ ತಗ್ಗುವದು. ಬಸುರಿಯರನ್ನೂ ಬಾಣಂತಿಯರನ್ನೂ ನೋಡಿಕೊಳ್ಳುವದೆಂದರೆ ವೈದ್ಯರು ಹೇಳಿದುದನ್ನು ಮಾಡಿ ಮುಗಿಸುವ ಊಳಿಗವೆಂಬ ಎಣಿಕೆ ವಿದ್ಯಾವಂತರ ಮನೆಗಳಲ್ಲಿಯೂ ಬೇರೂರಿದೆ. ಈ ಎಣಿಕೆ ತಪ್ಪೆಂದೂ ಅದರ ಬೆಲೆಯನ್ನು ಹೆರುವ ಹೆಂಗಸರು ತೆರುತ್ತಿರುವರೆಂದೂ ನನ್ನ ದೃಢವಾದ ಅಭಿಪ್ರಾಯ.

ಹಿಂದೆ ಹೆಂಗಸರನ್ನು ಆಸ್ಪತ್ರೆಯ ಬಾಗಿಲಿಗೆ ತರುವದೇ ಪ್ರಯಾಸವಾಗಿತ್ತು. ಅದಕ್ಕಾಗಿಯೇ ಮೈಸೂರಿನಲ್ಲಿ ೧೯೦೬ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೂ ಉಡುಪಿಯಲ್ಲಿ ೧೯೨೩ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡರ ಆಸ್ಪತ್ರೆಯೂ ಹುಟ್ಟಿದವು. ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಹೆಂಗಸರು ಪ್ರಸವದಲ್ಲಿ ತೀರಿಕೊಂಡರು. ಗಂಡಸು ವೈದ್ಯನನ್ನು ಒಳಗೆ ಬಿಡಲು ಅವರ ಮನೆಯವರು ಒಪ್ಪಿರಲಿಲ್ಲ. ಆ ರಾತ್ರಿಯನ್ನು ಕಂಡ ಇಡಾ ಸ್ಕಡರರು ವೈದ್ಯವಿದ್ಯೆಯನ್ನು ಕಲಿತು ವೆಲ್ಲೂರಿನಲ್ಲಿ ನೆಲೆಸಿದ ಕಥೆಯನ್ನು ನಮ್ಮಲ್ಲಿ ಅನೇಕರು ಭಾನುವಾರದ ಶಾಲೆಯಲ್ಲಿ ಕೇಳಿರಬಹುದು. ಆದರೆ ಆ ಮಹಾತಾಯಿ ಹೆಂಗಸರಿಗೆ ವೈದ್ಯಶಾಲೆಯನ್ನು ತೆರೆದದ್ದು ೧೯೧೮ರಲ್ಲಿ. ದಾದಿಯರ ಶಾಲೆಯನ್ನು ತೆರೆದದ್ದು ೧೯೦೯ರಲ್ಲಿ. ಯಾವುದು ಮೊದಲು ಬೇಕೆಂಬುದು ಆಕೆಗೆ ತಿಳಿದಿತ್ತು.

ಈಗ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ ೯೭ ಆಸ್ಪತ್ರೆಗಳಲ್ಲಿಯೇ ಆಗುತ್ತವೆಂದು ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವದು. ಹಾಗಿದ್ದರೂ ೨೦೧೮-೨೦ರ ಲೆಕ್ಕದಂತೆ ಲಕ್ಷ ಜೀವಂತ ಜನನಗಳಿಗೆ ೬೯ ಮಂದಿ ತಾಯಂದಿರು ಇಲ್ಲಿ ಸತ್ತರು. ನೆರೆಯ ಕೇರಳದಲ್ಲಿ ೧೯ ಮಂದಿ. ಹೊಸ್ತಿಲನ್ನು ದಾಟಿಸಿದ್ದಾಯಿತು. ದಾಟಿದ ಮೇಲೆ ಮಂಚದ ಪಕ್ಕದಲ್ಲಿ ಯಾರಿರುವರೆಂಬುದೇ ಉಳಿದಿರುವ ಪ್ರಶ್ನೆ.

ಬಸುರಿನ ತಿಂಗಳುಗಳಲ್ಲಿ ದಾದಿ ಮಾಡತಕ್ಕ ಕೆಲಸ ನೋಡುವದಕ್ಕೆ ಅಲ್ಪ: ರಕ್ತದ ಒತ್ತಡವನ್ನು ಅಳೆಯುವದು, ಮೂತ್ರವನ್ನು ಪರೀಕ್ಷಿಸುವದು, ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ಬೆಳವಣಿಗೆಯನ್ನು ತಿಳಿಯುವದು. ನಮ್ಮ ನಾಡಿನ ಬಸುರಿಯರಲ್ಲಿ ನೂರಕ್ಕೆ ೪೫ಕ್ಕೆ ಕಡಿಮೆಯಿಲ್ಲದಷ್ಟು ಮಂದಿಗೆ ರಕ್ತಹೀನತೆಯುಂಟು. ಕಬ್ಬಿಣದ ಗುಳಿಗೆ ಪುಕ್ಕಟೆಯಾಗಿ ಸಿಕ್ಕುವದು. ೧೮೦ ದಿನ ನುಂಗಬೇಕು. ನಾಲ್ಕು ದಿನ ನುಂಗಿದ ಮೇಲೆ ಹೊಟ್ಟೆ ತೊಳಸುವದು, ಮಲ ಕಪ್ಪಾಗುವದು. ಹೆದರಿದ ಹುಡುಗಿ ಗುಳಿಗೆಯನ್ನು ಅಕ್ಕಿಯ ಡಬ್ಬಿಯ ಹಿಂದೆ ಬಚ್ಚಿಡುವಳು. ಕಪ್ಪಾಗುವದು ಸಹಜವೆಂದೂ, ರಾತ್ರಿ ಮಲಗುವಾಗ ನುಂಗಿದರೆ ಓಕರಿಕೆ ಕಡಿಮೆಯೆಂದೂ, ಮೇಲೆ ಚಹ ಕುಡಿಯಬಾರದೆಂದೂ ಕುಳಿತು ಹೇಳಲಿಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷವಿಲ್ಲದೆ ಗುಳಿಗೆಯು ಬರಿಯ ಲೆಕ್ಕಪುಸ್ತಕದ ಗುಳಿಗೆ. ತಡೆಯದ ತಲೆನೋವು, ಕಣ್ಣು ಮಂಜಾಗುವದು, ಮೋರೆ ಬಾತುಕೊಳ್ಳುವದು ಇವು ‘ಬಸುರಿಯರಿಗೆ ಇದ್ದದ್ದೇ’ ಎಂದು ಅತ್ತೆ ತಳ್ಳಿಹಾಕುವ ಸಂಗತಿಗಳಲ್ಲ, ಸೆಳವು ಬರುವ ಮುನ್ಸೂಚನೆಗಳಾಗಿರಬಹುದೆಂದು ಹೇಳತಕ್ಕವಳೂ ಆಕೆಯೇ.

ಇಲ್ಲಿ ನಮ್ಮ ಒಂದು ಪದ್ಧತಿಯ ಮಾತು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವದು ಒಳ್ಳೆಯ ಪದ್ಧತಿ. ನಾನು ಅದನ್ನು ನಿಂದಿಸೆನು. ಆದರೆ ಏಳು ತಿಂಗಳು ನೋಡಿದ ದಾದಿ ಒಂದೂರಿನಲ್ಲಿ, ಹೆರಿಗೆಯ ರಾತ್ರಿ ಸಿಕ್ಕುವ ದಾದಿ ಇನ್ನೊಂದೂರಿನಲ್ಲಿ. ಬುತ್ತಿ, ಬಳೆ, ಸೀರೆ ಎಲ್ಲವೂ ತಪ್ಪದೆ ಹೋಗುವವು. ತಾಯಿ ಕಾರ್ಡು ಗಂಡನ ಮನೆಯ ಬೀರುವಿನಲ್ಲಿ ಉಳಿಯುವದು. ತಾಯಂದಿರೇ, ಸೀಮಂತದ ಸಾಮಾನುಗಳಲ್ಲಿ ಆ ಕಾರ್ಡನ್ನು ಮೊದಲು ಕಟ್ಟಿರಿ.

ಹೆರಿಗೆಯ ಕೋಣೆಯಲ್ಲಿ ವೈದ್ಯರು ಬಂದು ಹೋಗುವರು, ಉಳಿಯುವವಳು ದಾದಿ. ನೋವು ಬಲವಾದಂದಿನಿಂದ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕೂಸಿನ ಎದೆಬಡಿತವನ್ನು ಆಲಿಸಬೇಕು. ನಿಮಿಷಕ್ಕೆ ೧೧೦ರಿಂದ ೧೬೦ರೊಳಗೆ ಅದಿರಬೇಕು. ನಾಡಿ, ನೋವಿನ ಅಂತರ, ಗರ್ಭದ ಬಾಯಿ ತೆರೆದಿರುವ ಅಳತೆ ಇವೆಲ್ಲವನ್ನೂ ಪಟದ ಮೇಲೆ ಗುರುತಿಸುತ್ತ ಹೋದರೆ ಕಷ್ಟದ ಹೆರಿಗೆಯನ್ನು ಮುಂಚೆಯೇ ಕಂಡುಕೊಳ್ಳಬಹುದು. ಐದಾರು ಮಂದಿಗೆ ಒಬ್ಬಳೇ ದಾದಿಯಿದ್ದರೆ ಈ ಪಟವು ಬೆಳಗಾಗುವಾಗ ಒಟ್ಟಿಗೆ ತುಂಬಲ್ಪಡುವದು. ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಕೂಗಿ ಗದರಿಸುವ ದಾದಿಯರಿಲ್ಲವೆ ಎಂದು ಕೇಳುವಿರಿ. ಇರುವರು. ನೋವಿನಿಂದ ಚೀರುವವಳಿಗೆ ನಾಲಗೆಯಲ್ಲಿ ತರಬಾರದ ಮಾತನ್ನಾಡುವವರೂ ತೊಡೆಗೆ ಹೊಡೆಯುವವರೂ ಉಂಟು. ದಣಿವು ಅದಕ್ಕೆ ಕಾರಣವೇ ಹೊರತು ಸಮಾಧಾನವಲ್ಲ. ನಂಬಿಕೆಯ ಹೆಂಗಸೊಬ್ಬಳು ಸಂಗಡವಿದ್ದರೆ ನೋವಿನ ಹೊತ್ತು ಕಡಿಮೆಯಾಗುವದೆಂದೂ ಶಸ್ತ್ರದ ಹೆರಿಗೆಗಳು ಕಡಿಮೆಯಾಗುವವೆಂದೂ ಶೋಧನೆಗಳಿಂದ ಸಿದ್ಧವಾಗಿದೆ. ೨೦೧೭ರಲ್ಲಿ ಕೇಂದ್ರ ಸರಕಾರವು ತಂದ ‘ಲಕ್ಷ್ಯ’ ಯೋಜನೆಯೂ ಇಂಥ ಸಂಗಾತಿಯನ್ನು ಒಳಗೆ ಬಿಡಬೇಕೆನ್ನುವದು. ಆದರೂ ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸುವ ಆಸ್ಪತ್ರೆಗಳಿವೆ. ನಮ್ಮ ಹಳೆಯ ಸೂಲಗಿತ್ತಿಯರು ಇದನ್ನು ಪುಸ್ತಕ ಓದದೆ ಬಲ್ಲವರಾಗಿದ್ದರು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ ೨೦೧೮ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಕ್ರಿಸ್ತಜಯಂತಿಯ ದಿನ ತೀರಿಕೊಂಡರು. ಆ ತಾಳ್ಮೆಗೆ ಶಾಸ್ತ್ರದ ವಿದ್ಯೆ ಕೂಡಬೇಕು. ಒಂದನ್ನು ಬಿಟ್ಟು ಇನ್ನೊಂದಲ್ಲ.

ಕೂಸು ಹುಟ್ಟಿತು, ಗಂಡೋ ಹೆಣ್ಣೋ ಎಂದು ಹೊರಗಿನವರೆಲ್ಲ ಕೂಸಿನ ಕಡೆಗೆ ತಿರುಗುವ ಆ ಗಳಿಗೆಯೇ ತಾಯಿಗೆ ಅತ್ಯಂತ ಅಪಾಯದ ಗಳಿಗೆ. ಗರ್ಭವು ಬಿಗಿಯದಿದ್ದರೆ, ಬೆಳಿಗ್ಗೆ ಆರೋಗ್ಯವಾಗಿದ್ದವಳು ಕೆಲವೇ ಗಂಟೆಗಳೊಳಗೆ ರಕ್ತ ಹರಿದು ಸಾಯಬಲ್ಲಳು. ಆದಕಾರಣ ಕೂಸು ಹುಟ್ಟಿದ ಒಂದು ನಿಮಿಷದೊಳಗೆ ಹತ್ತು ಯೂನಿಟ್ ಆಕ್ಸಿಟೋಸಿನ್ ಚುಚ್ಚಬೇಕು. ಆ ಔಷಧವನ್ನು ತಣ್ಣಗೆ ಕಾಪಾಡದಿದ್ದರೆ ಅದರ ಶಕ್ತಿ ಕುಂದುವದು. ಶೀತಪೆಟ್ಟಿಗೆಯನ್ನು ನೋಡಿಕೊಳ್ಳುವವಳೂ ದಾದಿಯೇ. ಆಮೇಲೆ ಎರಡು ಗಂಟೆಯ ತನಕ ಕಾಲುಗಂಟೆಗೊಮ್ಮೆ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭ ಗಟ್ಟಿಯಾಗಿದೆಯೋ ಎಂದು ನೋಡಬೇಕು, ಬಟ್ಟೆಯನ್ನು ಎತ್ತಿ ರಕ್ತವನ್ನು ನೋಡಬೇಕು, ನಾಡಿಯನ್ನು ಎಣಿಸಬೇಕು. ಇದರಲ್ಲಿ ವೈಭವವೇನೂ ಇಲ್ಲ. ಯಾವ ಪತ್ರಿಕೆಯೂ ಇದನ್ನು ಬರೆಯದು. ಆದರೆ ಅರ್ಧ ಲೀಟರು ರಕ್ತ ಹೋಗುವ ಮುಂಚೆ ಕಂಡುಕೊಳ್ಳುವದಕ್ಕೂ ಎರಡು ಲೀಟರು ಹೋದ ಮೇಲೆ ವೈದ್ಯರನ್ನು ಕೂಗುವದಕ್ಕೂ ನಡುವೆ ಇರುವದು ಆ ಕೈ ಮಾತ್ರ.

ಅದೇ ಸಮೀಕ್ಷೆಯಂತೆ ನಮ್ಮ ನಾಡಿನಲ್ಲಿ ನೂರಕ್ಕೆ ೩೧ ಹೆರಿಗೆಗಳು ಹೊಟ್ಟೆ ಕೊಯ್ದು ಆದವುಗಳು. ಅವುಗಳಲ್ಲಿ ಪ್ರಾಣವುಳಿಸಿದವು ಅನೇಕ. ಕಾಯುವವರಿಲ್ಲದೆ ಆದವೂ ಅನೇಕವೆಂದು ನಾನು ಎಣಿಸುತ್ತೇನೆ. ಸಹಜವಾದ ಹೆರಿಗೆಯನ್ನು ತಾವೇ ಹೊಣೆಹೊತ್ತು ಮಾಡಿಸತಕ್ಕ ದಾದಿಯರನ್ನು ಹದಿನೆಂಟು ತಿಂಗಳ ವಿಶೇಷ ಶಿಕ್ಷಣದಿಂದ ಸಿದ್ಧಪಡಿಸಲು ಕೇಂದ್ರ ಸರಕಾರವು ೨೦೧೮ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಆ ಶಿಕ್ಷಣಕ್ಕೆ ಹೋಗಬೇಕಾದವರು ಇಂಥ ಶಾಲೆಗಳ ಹುಡುಗಿಯರಲ್ಲದೆ ಇನ್ಯಾರು? ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದ ಮಗಳು ದಾದಿಯಾಗುವೆನೆಂದರೆ ‘ಅಷ್ಟು ಅಂಕ ತೆಗೆದು ಅದೇಕೆ?’ ಎಂದು ಕೇಳುವ ತಂದೆತಾಯಿಗಳಿಗೆ ನನ್ನ ಉತ್ತರ: ಆ ಅಂಕಗಳು ಬೇಕಾದದ್ದು ಅಲ್ಲಿಯೇ. ಬರುವ ಜೂನ್ ತಿಂಗಳಲ್ಲಿ ಕಾಲೇಜಿನ ಅರ್ಜಿಗಳನ್ನು ತುಂಬುವಾಗ ನಾಲ್ಕು ವರ್ಷದ ಬಿ. ಎಸ್‌ಸಿ. ನರ್ಸಿಂಗ್ ತರಗತಿಯ ಹೆಸರನ್ನು ಮಗಳು ಮೊದಲನೆಯ ಸಾಲಿನಲ್ಲಿ ಬರೆದರೆ ಅದನ್ನು ಹೊಡೆದುಹಾಕಬೇಡಿರಿ.