‘ಬಾಯಿ ಮುಚ್ಚಿ ಹಾಡು’ ಎನ್ನುವವರಿಗೆ

‘ಹಾಡುವವರು ಹಾಡಿಕೊಂಡಿರಲಿ, ಅವರಿಗೇಕೆ ರಾಜಕೀಯ?’ ಎಂದು ಕೇಳುವವರೆಲ್ಲ ತಾವು ಕಲೆಯ ಪಾವಿತ್ರ್ಯವನ್ನು ಕಾಯುತ್ತಿದ್ದೇವೆಂದು ತಿಳಿದುಕೊಂಡಿರುತ್ತಾರೆ. ನಾನು ಇದನ್ನು ನಂಬುವುದಿಲ್ಲ. ಈ ಪ್ರಶ್ನೆ ಕೇಳುವವನು ಎಲ್ಲ ರಾಜಕೀಯವನ್ನೂ ಬೇಡವೆಂದವನಲ್ಲ, ತನಗೆ ಒಗ್ಗದ ರಾಜಕೀಯವನ್ನು ಮಾತ್ರ ಬೇಡವೆಂದವನು. ಒಗ್ಗುವ ರಾಜಕೀಯ ಅವನ ಕಣ್ಣಿಗೆ ರಾಜಕೀಯವೆಂದೇ ಕಾಣುವುದಿಲ್ಲ. ಅದು ದೇಶಪ್ರೇಮ, ಸಂಪ್ರದಾಯ, ಊರಿನ ಮರ್ಯಾದೆ ಎಂಬ ಬೇರೆ ಬೇರೆ ಹೆಸರುಗಳಲ್ಲಿ ಬರುತ್ತದೆ. ಇದಕ್ಕೆ ಸಾಕ್ಷಿ ಬೇಕೆಂದರೆ ಅಮೆರಿಕದ ಕಂಟ್ರಿ ಸಂಗೀತದ ನೂರು ವರ್ಷಗಳ ಚರಿತ್ರೆಯನ್ನು ನೋಡಬೇಕು. ಅಲ್ಲಿ ಈ ಬೇಡಿಕೆಗೆ ‘ಬಾಯಿ ಮುಚ್ಚಿ ಹಾಡು’ ಎಂಬ ನುಡಿಗಟ್ಟೇ ಇದೆ. ಬಾಯಿ ಮುಚ್ಚಿಕೊಂಡು ಹಾಡುವುದು ಹೇಗೆಂದು ಮಾತ್ರ ಈವರೆಗೆ ಯಾರೂ ವಿವರಿಸಿಲ್ಲ.

‘ಕಂಟ್ರಿ’ ಎಂದೊಡನೆ ನಮ್ಮ ಕಡೆ ಕೆಲವರಿಗೆ ಬೇರೆಯೇ ಒಂದು ಸರಕಿನ ನೆನಪಾದೀತು. ಇರಲಿ. ಇಲ್ಲಿ ಆ ಪದಕ್ಕೆ ನಮ್ಮ ‘ನಾಡು’ ಎಂಬುದಕ್ಕಿರುವಷ್ಟೇ ಅರ್ಥಗಳಿವೆ. ನಾಟಿ ಮದ್ದು, ನಾಟಿ ಕೋಳಿ ಎನ್ನುವಾಗಿನ ಹಳ್ಳಿಗಾಡೂ ಅದೇ, ನಾಡಗೀತೆ ಎನ್ನುವಾಗಿನ ದೊಡ್ಡ ನಾಡೂ ಅದೇ. ಮಲಯಾಳದಲ್ಲಿಯೂ ‘ನಾಡ್’ ಎಂದರೆ ಹುಟ್ಟೂರಿನಿಂದ ದೇಶದವರೆಗೆ ಹಿಗ್ಗುತ್ತದೆ. ಕಂಟ್ರಿ ಸಂಗೀತದ ಎಲ್ಲ ಜಗಳವೂ ಈ ಹಿಗ್ಗುವಿಕೆಯಲ್ಲೇ ಇದೆ. ಹಳ್ಳಿಯವನ ಹಾಡೆಂದು ಶುರುವಾದದ್ದು ಯಾವಾಗ ದೇಶದ ಹಾಡಾಯಿತು? ಆ ದೇಶದಲ್ಲಿ ಯಾರು ಒಳಗೆ, ಯಾರು ಹೊರಗೆ?

ಹೊರಗಿಡುವ ಕೆಲಸ ಮೊದಲೇ ನಡೆದಿತ್ತು. 1920ರ ದಶಕದಲ್ಲಿ ಗ್ರಾಮಫೋನ್ ಕಂಪೆನಿಗಳು ದಕ್ಷಿಣದ ರಾಜ್ಯಗಳ ಹಾಡುಗಳನ್ನು ಎರಡು ಪಟ್ಟಿ ಮಾಡಿ ಮಾರಿದವು. ಕರಿಯರದ್ದಕ್ಕೆ ಒಂದು ಹೆಸರು, ಬಿಳಿಯರದ್ದಕ್ಕೆ ಇನ್ನೊಂದು. ಹಾಡುವವರಾದರೋ ಪರಸ್ಪರ ಕಲಿತುಕೊಂಡೇ ಇದ್ದರು. ಕಂಟ್ರಿ ಸಂಗೀತದ ಗುರುತೇ ಆಗಿರುವ ಬ್ಯಾಂಜೋ ವಾದ್ಯ ಆಫ್ರಿಕದಿಂದ ಗುಲಾಮರಾಗಿ ಬಂದವರ ಕೈಯಲ್ಲಿ ಹುಟ್ಟಿದ್ದು. ನ್ಯಾಶ್‌ವಿಲ್ ನಗರದ ಒಂದು ವಿಮಾ ಕಂಪೆನಿಯ ರೇಡಿಯೋ ನಿಲಯ 1925ರಲ್ಲಿ ಆರಂಭಿಸಿದ ಕಾರ್ಯಕ್ರಮ ಮುಂದೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ಹೆಸರಾಯಿತು. ಅದರ ಮೊದಲ ತಾರೆಗಳಲ್ಲಿ ಡೆಫೋರ್ಡ್ ಬೇಯ್ಲಿ ಎಂಬ ಕರಿಯ ಹಾರ್ಮೋನಿಕಾ ವಾದಕ ಒಬ್ಬ. 1941ರಲ್ಲಿ ಅವನನ್ನು ಅಲ್ಲಿಂದ ತೆಗೆದುಹಾಕಿದರು. ಆಮೇಲೆ ಅವನು ಅದೇ ಊರಿನಲ್ಲಿ ಬೂಟು ಪಾಲಿಶಿನ ಅಂಗಡಿ ನಡೆಸಿಕೊಂಡಿದ್ದ. ಇದು ರಾಜಕೀಯವೆಂದು ಆ ಕಾಲದ ಕೇಳುಗರಿಗೆ ಅನ್ನಿಸಿರಲಾರದು.

ಹಾಡುಗಾರನಿಗೆ ರಾಜಕೀಯ ಬೇಡವೆಂಬ ನಿಯಮ ಆಗ ಇದ್ದಿದ್ದರೆ ಇಬ್ಬರು ಗವರ್ನರುಗಳು ಆ ದೇಶಕ್ಕೆ ಸಿಕ್ಕುತ್ತಿರಲಿಲ್ಲ. ಟೆಕ್ಸಾಸಿನಲ್ಲಿ ಓ’ಡೇನಿಯಲ್ ಎಂಬ ಹಿಟ್ಟಿನ ವ್ಯಾಪಾರಿ ತನ್ನ ಹಿಟ್ಟಿನ ಹೆಸರಿನ ವಾದ್ಯಮೇಳವನ್ನು ರೇಡಿಯೋದಲ್ಲಿ ಬೆಳೆಸಿ, ಅದೇ ಜನಪ್ರಿಯತೆಯ ಮೇಲೆ 1938ರ ಚುನಾವಣೆ ಗೆದ್ದ. ಮೂರು ವರ್ಷಗಳ ನಂತರ ಸೆನೆಟ್ ಚುನಾವಣೆಯಲ್ಲಿ ಅವನು ಸೋಲಿಸಿದ್ದು ಮುಂದೆ ಅಧ್ಯಕ್ಷನಾದ ಲಿಂಡನ್ ಜಾನ್ಸನ್‌ನನ್ನು. ಲೂಯಿಸಿಯಾನದಲ್ಲಿ ಜಿಮ್ಮಿ ಡೇವಿಸ್ ಇದ್ದ. ‘ಯು ಆರ್ ಮೈ ಸನ್‌ಶೈನ್’ ಎಂಬ, ನಮ್ಮ ಇಂಗ್ಲಿಷ್ ಶಾಲೆಗಳ ಮಕ್ಕಳೂ ಹಾಡುವ ಹಾಡನ್ನು ಮನೆಮನೆಗೆ ಮುಟ್ಟಿಸಿದವನು ಅವನೇ. ಎರಡು ಬಾರಿ ಗವರ್ನರನಾದ. ಎರಡನೆಯ ಬಾರಿ ಅವನು ಗೆದ್ದದ್ದು ಕರಿಯರನ್ನೂ ಬಿಳಿಯರನ್ನೂ ಬೇರ್ಪಡಿಸಿಯೇ ಇಡುತ್ತೇನೆಂಬ ಭರವಸೆಯಿಂದ. 1960ರ ನವೆಂಬರಿನಲ್ಲಿ ರೂಬಿ ಬ್ರಿಡ್ಜಸ್ ಎಂಬ ಆರು ವರ್ಷದ ಹುಡುಗಿ ಕೇಂದ್ರ ಸರಕಾರದ ಅಧಿಕಾರಿಗಳ ಕಾವಲಿನಲ್ಲಿ ನ್ಯೂ ಆರ್ಲಿಯನ್ಸಿನ ಬಿಳಿಯರ ಶಾಲೆಗೆ ನಡೆದುಹೋದಾಗ ಆ ರಾಜ್ಯವನ್ನು ಆಳುತ್ತಿದ್ದವನು ಈ ಮಧುರ ಗಾಯಕ. ‘ನೀನು ಹಾಡಿಕೊಂಡಿರು’ ಎಂದು ಅವನ ಅಭಿಮಾನಿಗಳು ಹೇಳಲಿಲ್ಲ, ಓಟು ಹಾಕಿದರು. 1972ರಲ್ಲಿ ಕಂಟ್ರಿ ಸಂಗೀತದ ಗೌರವಮಂದಿರದಲ್ಲಿ ಅವನಿಗೆ ಸ್ಥಾನವೂ ಸಿಕ್ಕಿತು.

ಮರ್ಲ್ ಹ್ಯಾಗಾರ್ಡ್‌ನ ಕತೆ ಇನ್ನೂ ಸ್ವಾರಸ್ಯದ್ದು. ಜೈಲಿನಲ್ಲಿದ್ದು ಬಂದವನು, ಬಡವರ ಮಗ. ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದ ಉದ್ದಗೂದಲಿನ ಹುಡುಗರನ್ನು ಕುಟುಕುವ ‘ಓಕಿ ಫ್ರಮ್ ಮಸ್ಕೋಗಿ’ ಎಂಬ ಹಾಡನ್ನು 1969ರಲ್ಲಿ ಹೊರತಂದ. ಜನ ಹುಚ್ಚೆದ್ದು ಕುಣಿದರು. ಬಿಳಿಯ ಹುಡುಗ ಮತ್ತು ಕರಿಯ ಹುಡುಗಿಯ ಪ್ರೇಮದ ಕುರಿತು ಅವನೇ ಬರೆದ ‘ಇರ್ಮಾ ಜಾಕ್ಸನ್’ ಅದರ ಹಿಂದೆಯೇ ಬರಬೇಕೆಂದು ಅವನಿಗಿತ್ತು. ಕಂಪೆನಿ ಒಪ್ಪಲಿಲ್ಲ. ಅದರ ಬದಲು ದೇಶವನ್ನು ಟೀಕಿಸುವವರ ಮೇಲೆ ತೋಳೇರಿಸುವ ಇನ್ನೊಂದು ಹಾಡು ಬಂತು. ಇರ್ಮಾ 1972ರವರೆಗೆ ಕಾದಳು. ಹಾಡುಗಾರ ಒಬ್ಬನೇ, ಅವನ ಎರಡು ಹಾಡುಗಳಲ್ಲಿಯೂ ರಾಜಕೀಯವಿತ್ತು. ಒಂದಕ್ಕೆ ರಾಜಮಾರ್ಗ, ಇನ್ನೊಂದಕ್ಕೆ ಬೀಗ.

ಜಾನಿ ಕ್ಯಾಶ್ ಇದನ್ನು ಮೊದಲೇ ಅರಿತಿದ್ದ. ಇವೋ ಜಿಮಾ ದ್ವೀಪದಲ್ಲಿ ಅಮೆರಿಕದ ಬಾವುಟ ಏರಿಸಿದ ಸೈನಿಕರಲ್ಲಿ ಒಬ್ಬನಾಗಿ, ಊರಿಗೆ ಮರಳಿ, ಯಾರಿಗೂ ಬೇಡವಾಗಿ ಕುಡಿದು ಸತ್ತ ಮೂಲನಿವಾಸಿ ಐರಾ ಹೇಯ್ಸ್‌ನ ಮೇಲಿನ ಹಾಡನ್ನು 1964ರಲ್ಲಿ ಅವನು ಹಾಡಿದಾಗ ರೇಡಿಯೋಗಳು ಹಿಂಜರಿದವು. ಕ್ಯಾಶ್ ಸ್ವಂತ ದುಡ್ಡು ಕೊಟ್ಟು ‘ಬಿಲ್‌ಬೋರ್ಡ್’ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಹಾಕಿಸಿ, ನಿಮಗೆ ಧೈರ್ಯವಿಲ್ಲವೇ ಎಂದು ರೇಡಿಯೋದವರನ್ನೇ ಕೇಳಿದ. 1970ರಲ್ಲಿ ಶ್ವೇತಭವನಕ್ಕೆ ಹಾಡಲು ಹೋದಾಗ, ಸರಕಾರದ ನೆರವಿನಲ್ಲಿ ಬದುಕುವ ಬಡವರನ್ನು ಗೇಲಿ ಮಾಡುವ ಒಂದು ಹಾಡನ್ನು ನಿಕ್ಸನ್ ಕಡೆಯವರು ಬಯಸಿದ್ದರು. ಅವನು ಅದನ್ನು ಹಾಡದೆ, ಯುವಕರ ಪ್ರಶ್ನೆಗಳ ಪರವಾದ ತನ್ನದೇ ಹಾಡನ್ನು ಹಾಡಿ ಬಂದ. ಅಧ್ಯಕ್ಷರೂ ರಾಜಕೀಯವಿಲ್ಲದ ಹಾಡನ್ನು ಕೇಳಿರಲಿಲ್ಲ ಎಂಬುದನ್ನು ಗಮನಿಸಬೇಕು.

ಈಗ 2003ಕ್ಕೆ ಬರೋಣ. ಆಗ ‘ಡಿಕ್ಸಿ ಚಿಕ್ಸ್’ ಎಂಬ ಹೆಸರಿದ್ದ ಮೂವರು ಹೆಂಗಸರ ತಂಡ ಅಮೆರಿಕದ ಮನೆಮಗಳಂತಿತ್ತು. ಆ ಜನವರಿಯಲ್ಲಿ ಅಲ್ಲಿಯ ಅತಿ ದೊಡ್ಡ ಫುಟ್‌ಬಾಲ್ ಪಂದ್ಯಕ್ಕೆ ಮುನ್ನ ರಾಷ್ಟ್ರಗೀತೆ ಹಾಡಿದವರು ಅವರೇ. ಆರು ವಾರ ಕಳೆದು ಮಾರ್ಚ್ 10ರಂದು, ಇರಾಕಿನ ಮೇಲೆ ದಾಳಿ ಇಂದೋ ನಾಳೆಯೋ ಎಂಬಂತಿದ್ದಾಗ, ಲಂಡನ್ನಿನ ವೇದಿಕೆಯಿಂದ ಗಾಯಕಿ ನಟಾಲಿ ಮೇಯ್ನ್ಸ್ ಒಂದು ಮಾತು ಹೇಳಿದರು. ಈ ಯುದ್ಧ ನಮಗೆ ಬೇಡ, ಅಧ್ಯಕ್ಷರು ನಮ್ಮ ಟೆಕ್ಸಾಸಿನವರೆಂಬುದು ನಾಚಿಕೆಗೇಡು ಎಂಬುದು ಅದರ ತಾತ್ಪರ್ಯ. ಹಾಡಲ್ಲ, ಎರಡು ಹಾಡುಗಳ ನಡುವಿನ ಬರಿಯ ಮಾತು. ಕೆಲವೇ ದಿನಗಳಲ್ಲಿ ಅವರ ಹಾಡುಗಳು ಕಂಟ್ರಿ ರೇಡಿಯೋಗಳಿಂದ ಮಾಯವಾದವು. ಆಗ ಪಟ್ಟಿಯ ತುದಿಯಲ್ಲಿದ್ದ ಅವರ ಹಾಡು ಯುದ್ಧಕ್ಕೆ ಹೋಗಿ ಮರಳದ ಸೈನಿಕನನ್ನು ನೆನೆದು ಅಳುವ ಹುಡುಗಿಯದು. ಸೈನಿಕರ ಗೌರವಕ್ಕಾಗಿ ಎಂದು ಹೇಳಿ ಸೈನಿಕನ ಹಾಡನ್ನೇ ನಿಲ್ಲಿಸಿದರು! ಲೂಯಿಸಿಯಾನದಲ್ಲಿ ಒಂದು ರೇಡಿಯೋ ನಿಲಯ ಜನರನ್ನು ಕರೆದು, ಅವರ ಸಿ.ಡಿ.ಗಳನ್ನು ರಾಶಿ ಹಾಕಿಸಿ, ಮೇಲೆ ಟ್ರ್ಯಾಕ್ಟರ್ ಹರಿಸಿತು. ಮೇಯ್ನ್ಸ್‌ಗೆ ಕೊಲೆಬೆದರಿಕೆಗಳು ಬಂದವು. ಜುಲೈಯಲ್ಲಿ ಡಲ್ಲಾಸಿನಲ್ಲಿ, ಅಂದರೆ ತಮ್ಮದೇ ರಾಜ್ಯದಲ್ಲಿ, ಅವರು ಪೋಲೀಸರ ಕಾವಲಿನಲ್ಲಿ ಹಾಡಬೇಕಾಯಿತು.

ಅದೇ ಹೊತ್ತಿಗೆ ಟೋಬಿ ಕೀತ್ ಎಂಬಾತ ಶತ್ರುಗಳನ್ನು ಒದೆಯುವ ಹಾಡು ಹಾಡಿ ಊರೂರು ಮೆರೆಯುತ್ತಿದ್ದ. ತನ್ನ ವೇದಿಕೆಯ ಹಿಂದೆ ಮೇಯ್ನ್ಸ್ ಮತ್ತು ಸದ್ದಾಂ ಹುಸೇನ್ ಜೊತೆಗಿರುವಂತೆ ಜೋಡಿಸಿದ ಸುಳ್ಳು ಚಿತ್ರವನ್ನೂ ತೋರಿಸಿದ. ಹಾಡುಗಾರನಿಗೇಕೆ ರಾಜಕೀಯ ಎಂದು ಅವನ ಸಭೆಯಲ್ಲಿ ಯಾರೂ ಎದ್ದು ಹೋದಂತಿಲ್ಲ. (ಈ ಕೀತ್ 2008ರವರೆಗೂ ಬುಷ್‌ಗೆ ಎದುರಾದ ಡೆಮಾಕ್ರಟಿಕ್ ಪಕ್ಷದಲ್ಲೇ ಹೆಸರು ನೋಂದಾಯಿಸಿದ್ದವನು. ಅಭಿಮಾನಿಗಳಿಗೆ ಅದು ಬೇಕಾಗಿರಲಿಲ್ಲ.) ಮೇಯ್ನ್ಸ್‌ರ ಪರವಾಗಿ ನಿಂತವನು ಯಾರು? ‘ಮಸ್ಕೋಗಿ’ಯ ಅದೇ ಹ್ಯಾಗಾರ್ಡ್! ಯುದ್ಧವಾರ್ತೆಯನ್ನು ಚುಚ್ಚುವ ಒಂದು ಹಾಡನ್ನೂ ಆ ವರ್ಷ ಅವನು ಬರೆದ. ಮೂವತ್ತು ವರ್ಷಗಳಿಂದ ಅವನನ್ನು ತಮ್ಮವನೆಂದು ಹೊತ್ತು ಮೆರೆಸಿದವರಿಗೆ ಅವನು ಎಂಥವನೆಂಬುದೇ ತಿಳಿದಿರಲಿಲ್ಲ.

ಇಲ್ಲಿ ನನ್ನ ಎದುರಾಳಿಗಳು ಒಂದು ನ್ಯಾಯವಾದ ಮಾತನ್ನೆತ್ತುತ್ತಾರೆ. ಹಾಡುಗಾರ್ತಿಗೆ ಮಾತಾಡುವ ಹಕ್ಕಿದ್ದರೆ ಕೇಳುಗನಿಗೆ ಕೇಳದಿರುವ ಹಕ್ಕಿಲ್ಲವೇ? ಖಂಡಿತ ಇದೆ. ತನ್ನ ದುಡ್ಡು ಕೊಟ್ಟು ತಂದ ಸಿ.ಡಿ.ಯನ್ನು ಹಿತ್ತಲಿಗೆ ಎಸೆಯುವವನ ಕೈ ಹಿಡಿಯುವವನು ನಾನಲ್ಲ. ಆದರೆ 2003ರಲ್ಲಿ ಅಭಿಮಾನಿಗಳ ಕೋಪವೆಂದು ನಮಗೆ ತೋರಿಸಿದ್ದರಲ್ಲಿ ಅಭಿಮಾನಿಯ ಪಾಲೆಷ್ಟು, ಮಾಲಿಕನ ಪಾಲೆಷ್ಟು? 1996ಕ್ಕೆ ಮೊದಲು ಒಂದು ಕಂಪೆನಿ ಇಡೀ ದೇಶದಲ್ಲಿ ನಲವತ್ತಕ್ಕಿಂತ ಹೆಚ್ಚು ರೇಡಿಯೋ ನಿಲಯಗಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಆ ವರ್ಷದ ಕಾನೂನು ದೇಶಮಟ್ಟದ ಮಿತಿಯನ್ನೇ ಕಿತ್ತುಹಾಕಿತು. ಕೆಲವೇ ವರ್ಷಗಳಲ್ಲಿ ಒಂದೇ ಕಂಪೆನಿಯ ಕೈಗೆ ಸಾವಿರದ ಇನ್ನೂರರಷ್ಟು ನಿಲಯಗಳು ಬಂದವು. ಕ್ಯುಮುಲಸ್ ಎಂಬ ಇನ್ನೊಂದು ಕಂಪೆನಿ ತನ್ನೆಲ್ಲ ಕಂಟ್ರಿ ನಿಲಯಗಳಲ್ಲಿ ಈ ತಂಡದ ಹಾಡನ್ನು ಒಂದು ತಿಂಗಳು ನಿಷೇಧಿಸಿತು. ಅದು ಊರಿನವರು ಕೂಡಿ ಮಾಡಿದ ತೀರ್ಮಾನವಲ್ಲ, ಕೇಂದ್ರ ಕಚೇರಿಯ ಆಜ್ಞೆ. ಜುಲೈಯಲ್ಲಿ ಆ ಕಂಪೆನಿಯ ಮುಖ್ಯಸ್ಥನನ್ನು ಸೆನೆಟ್ ಸಮಿತಿಯ ಮುಂದೆ ತರಾಟೆಗೆ ತೆಗೆದುಕೊಂಡವರು ಜಾನ್ ಮೆಕೇನ್. ಅವರು ಬುಷ್‌ರ ಪಕ್ಷದವರು, ಯುದ್ಧದ ಪರವಾಗಿದ್ದವರು. ಅವರಿಗೆ ತಿಳಿದ ವ್ಯತ್ಯಾಸ ನಮ್ಮ ಪಾವಿತ್ರ್ಯವಾದಿಗಳಿಗೆ ತಿಳಿಯದೇ?

ಇನ್ನು ನಿಜವಾದ ಅಭಿಮಾನಿಗಳ ಮಾತು. ಮೇ 1ರಂದು ತಂಡದ ಅಮೆರಿಕ ಪ್ರವಾಸ ಆರಂಭವಾದದ್ದು ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ, ಬುಷ್‌ರಿಗೆ ಓಟು ಹಾಕಿದ ಸೀಮೆಯಲ್ಲಿ. ಅಂದೇ ಬುಷ್ ಯುದ್ಧನೌಕೆಯ ಮೇಲೆ ನಿಂತು ಇರಾಕಿನಲ್ಲಿ ಮುಖ್ಯ ಕಾಳಗ ಮುಗಿಯಿತೆಂದು ಸಾರಿದ್ದು. ಕೂಗಿ ಅವಮಾನಿಸಲೆಂದು ಬಂದವರಿದ್ದರೆ ಈಗಲೇ ಕೂಗಿ, ಸಮಯ ಕೊಡುತ್ತೇನೆ ಎಂದು ಮೇಯ್ನ್ಸ್ ವೇದಿಕೆಯಿಂದ ಕರೆದರು. ಸಭಾಂಗಣ ತುಂಬಿದ್ದ ಜನ ಹರ್ಷೋದ್ಗಾರ ಮಾಡಿದರು. ಜನರಿದ್ದರು, ರೇಡಿಯೋ ಇರಲಿಲ್ಲ.

ಮಲಯಾಳದಲ್ಲಿ ಅಭಿಮಾನಿಗೆ ‘ಆರಾಧಕನ್’ ಎನ್ನುತ್ತಾರೆ. ಎರಡೂ ಪದಗಳು ಅಪಾಯದವೇ. ಅಭಿಮಾನದಲ್ಲಿ ಪ್ರೀತಿಗಿಂತ ನಾನು ನನ್ನದೆಂಬುದು ಜಾಸ್ತಿ. ಆರಾಧನೆಯಲ್ಲಿ ದೇವರು ಎದುರುತ್ತರ ಕೊಡಬಾರದು. (ನಮ್ಮ ಭೂತ, ತೆಯ್ಯಗಳ ಮಾತು ಬೇರೆ. ಅವು ನುಡಿ ಕೊಡುತ್ತವೆ, ಗುತ್ತಿನವರನ್ನೇ ಗದರಿಸುವುದೂ ಉಂಟು.) ವಿಲ್ಲಿ ನೆಲ್ಸನ್ 2018ರಲ್ಲಿ ಟೆಕ್ಸಾಸಿನ ಡೆಮಾಕ್ರಟಿಕ್ ಅಭ್ಯರ್ಥಿಯ ಪರ ಹಾಡಿದಾಗ, ಇನ್ನು ಮುಂದೆ ನಿನ್ನ ಹಾಡು ಕೇಳೆವು ಎಂದು ಕೆಲವರು ಸಿಟ್ಟಾದರು. ಎಂಬತ್ತೈದರ ಆ ಮುದುಕ ಜಿಮ್ಮಿ ಕಾರ್ಟರ್ ಕಾಲದಿಂದಲೂ ಅದೇ ಪಕ್ಷದ ಗೆಳೆಯ, ಯಾವತ್ತೂ ಅದನ್ನು ಮುಚ್ಚಿಟ್ಟವನಲ್ಲ. ನಲವತ್ತು ವರ್ಷ ಇವರು ಕೇಳಿದ್ದೇನನ್ನು?

ನನ್ನ ಈ ವಾದ ಬಲಪಂಥದವರಿಗೆ ಮಾತ್ರವೆಂದು ಯಾರೂ ಸಮಾಧಾನಪಡಬೇಕಿಲ್ಲ. ಜೇಸನ್ ಆಲ್ಡೀನ್ 2023ರಲ್ಲಿ, ಸಣ್ಣ ಊರಿನ ಹೆಸರಿನಲ್ಲಿ ಪೇಟೆಯ ಗಲಭೆಕೋರರನ್ನು ಬೆದರಿಸುವ ಹಾಡಿನ ಚಿತ್ರವನ್ನು ಟೆನೆಸಿಯ ಒಂದು ನ್ಯಾಯಾಲಯದ ಮುಂದೆ ತೆಗೆದ. 1927ರಲ್ಲಿ ಹೆನ್ರಿ ಚೋಟ್ ಎಂಬ ಹದಿನೆಂಟರ ಕರಿಯ ಹುಡುಗನನ್ನು ಗುಂಪು ಕೊಂದು ನೇತುಹಾಕಿದ ಕಟ್ಟಡವದು. ಆ ಹಾಡು ನನಗೆ ಹೇಸಿಗೆ ತರಿಸುತ್ತದೆ. ಆದರೆ ಕಂಟ್ರಿ ಸಂಗೀತದ ಟೆಲಿವಿಷನ್ ವಾಹಿನಿ ಅದನ್ನು ಹಿಂತೆಗೆದುಕೊಂಡಾಗ ಚಪ್ಪಾಳೆ ತಟ್ಟಿದವರ ಜೊತೆ ನಾನಿಲ್ಲ. ಮೇಯ್ನ್ಸ್‌ರನ್ನು ಮುಚ್ಚಿಸಿದ ಸ್ವಿಚ್ಚೇ ಅದು. ಪರಿಣಾಮವೋ, ಹಾಡು ಎರಡು ವಾರಗಳಲ್ಲಿ ದೇಶದ ಪಟ್ಟಿಯ ತುದಿಗೇರಿತು. ಆಲ್ಡೀನ್ ಕಳಕೊಂಡದ್ದು ಏನೂ ಇಲ್ಲ, ಮೇಯ್ನ್ಸ್‌ ತಂಡ ಕಳಕೊಂಡ ರೇಡಿಯೋ ಅವರಿಗೆ ಮರಳಿ ಸಿಗಲೇ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಇದನ್ನು ಮರೆಯುತ್ತಾರೆ. ಅದೇ ಆಗಸ್ಟಿನಲ್ಲಿ ಆಲಿವರ್ ಆಂಥನಿ ಎಂಬ ಹೊಸಬನ ಹಾಡನ್ನು ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಗಳ ಚರ್ಚೆಯಲ್ಲಿ ಕೇಳಿಸಿ ಅವನನ್ನು ತಮ್ಮವನೆಂದುಕೊಂಡರು. ನಾನು ಬರೆದದ್ದು ಆ ವೇದಿಕೆಯ ಮೇಲೆ ನಿಂತಿದ್ದವರ ಮೇಲೆಯೇ ಎಂದು ಅವನು ನಕ್ಕುಬಿಟ್ಟ.

ಕೆ.ಪಿ.ಎ.ಸಿ. ನಾಟಕಗಳ ಹಾಡು ಕೇಳಿ ಬೆಳೆದ ನೆರೆಯವರಿಗಾಗಲಿ, ಕಯ್ಯಾರ ಕಿಞ್ಞಣ್ಣ ರೈಗಳ ಕವಿತೆ ಗೊತ್ತಿರುವ ನಮಗಾಗಲಿ ಹಾಡಿನೊಳಗಿನ ರಾಜಕೀಯ ಹೊಸತಲ್ಲ. ಆದರೂ ಅಮೆರಿಕದ ಈ ಗದ್ದಲವನ್ನು ಓದಿ ‘ಆ ಹೆಂಗಸರಿಗೆ ಬೇಕಿತ್ತೇ’ ಎನ್ನುವವರು ನಮ್ಮ ನಡುವೆಯೂ ಇದ್ದಾರೆ. ಅಂಥವರು ಒಂದು ಲೆಕ್ಕ ನೋಡಲಿ. ಆ ತಂಡ 2006ರಲ್ಲಿ ತಂದ ಆಲ್ಬಮ್ಮಿನಲ್ಲಿ ಕ್ಷಮೆ ಕೇಳಲಿಲ್ಲ. ಕಂಟ್ರಿ ರೇಡಿಯೋ ಅದನ್ನು ದೂರವಿಟ್ಟಿತು, ಜನ ಲಕ್ಷಗಟ್ಟಲೆ ಕೊಂಡರು, ಮರುವರ್ಷ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ತಂಡ ಹೇಗೋ ಬದುಕಿತು. ಆದರೆ ಆ ತಂಡಕ್ಕೆ ಆದದ್ದನ್ನು ನೋಡಿ ಬಾಯಿ ಮುಚ್ಚಿಕೊಂಡವರ ಲೆಕ್ಕ ಯಾವ ಪಟ್ಟಿಯಲ್ಲಿದೆ? ನ್ಯಾಶ್‌ವಿಲ್‌ನಲ್ಲಿ ‘ಡಿಕ್ಸಿ ಚಿಕ್ಸ್’ ಎಂಬ ಹೆಸರೇ ಒಂದು ಕ್ರಿಯಾಪದವಾಯಿತು. ನಿನಗೂ ಹಾಗೆ ಮಾಡಿಯಾರು, ಹುಷಾರು ಎಂದು ಹೊಸ ಗಾಯಕಿಯರಿಗೆ ಹೇಳುವುದು ರೂಢಿಯಾಯಿತು. ಟೇಲರ್ ಸ್ವಿಫ್ಟ್ ಹದಿನಾರರ ಹುಡುಗಿಯಾಗಿ ಅಲ್ಲಿಂದ ಮೊದಲ ಆಲ್ಬಮ್ ತಂದದ್ದೂ ಅದೇ 2006ರಲ್ಲಿ. ಆ ತಂಡದವರಂತೆ ಆಗಬೇಡ ಎಂಬ ಬುದ್ಧಿವಾದವನ್ನು ತಾನು ಕೇಳುತ್ತಲೇ ಬೆಳೆದದ್ದನ್ನು ಆಕೆ 2020ರ ಒಂದು ಸಾಕ್ಷ್ಯಚಿತ್ರದಲ್ಲಿ ಹೇಳಿದ್ದಾರೆ. ಜಗತ್ತಿನ ಅತ್ಯಂತ ಜನಪ್ರಿಯ ಗಾಯಕಿಯರಲ್ಲಿ ಒಬ್ಬರಾದ ಮೇಲೂ, ಟೆನೆಸಿಯ ಸೆನೆಟ್ ಚುನಾವಣೆಯಲ್ಲಿ ನನ್ನ ಓಟು ಇಂಥವರಿಗೆ ಎಂದು ಬಾಯಿಬಿಟ್ಟು ಹೇಳಲು ಆಕೆಗೆ 2018ರ ಅಕ್ಟೋಬರ್ ಬರಬೇಕಾಯಿತು, ಅದೂ ತಂದೆಯ ಮತ್ತು ತನ್ನ ಕೆಲಸದವರ ಆತಂಕವನ್ನು ಎದುರು ಹಾಕಿಕೊಂಡು. ಹನ್ನೆರಡು ವರ್ಷ.