ಹೊಸ ಡಿಸ್ಕಿನಲ್ಲಿ ಹಳೆಯ ಸಂಸಾರ

ಕಂಪ್ಯೂಟರಿನ ಪರದೆ ಒಡೆದರೆ ಬೇರೊಂದನ್ನು ತರಬಹುದು. ಕೀಲಿಮಣೆ ಕೆಟ್ಟರೆ ಅದೂ ಅಂಗಡಿಯಲ್ಲಿ ದೊರೆಯುತ್ತದೆ. ಹಾರ್ಡ್ ಡಿಸ್ಕು ಕೆಟ್ಟಾಗಿನ ನಷ್ಟ ಅಂಥದಲ್ಲ. ಮಗಳ ಮದುವೆಯ ಚಿತ್ರಗಳು, ತೀರಿಕೊಂಡ ತಾಯಿಯ ಧ್ವನಿ, ಹತ್ತು ವರ್ಷಗಳ ತೆರಿಗೆಯ ಲೆಕ್ಕ, ಎಲ್ಲವೂ ಅದರೊಡನೆ ಹೊರಟುಹೋಗುತ್ತವೆ. ಆದುದರಿಂದ ಡಿಸ್ಕು ಬದಲಾಯಿಸುವ ಕಾರ್ಯವನ್ನು ಎಂದೂ ಅವಸರದಲ್ಲಿ ಮಾಡತಕ್ಕದ್ದಲ್ಲ.

ಹಾರ್ಡ್ ಡಿಸ್ಕಿನೊಳಗೆ ನುಣುಪಾದ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಬಾರಿ ಸುತ್ತುತ್ತವೆ. ಬರೆದುದನ್ನು ಓದುವ ಭಾಗವು ಅವುಗಳನ್ನು ಮುಟ್ಟದೆ, ಕೂದಲೆಳೆಗಿಂತಲೂ ಎಷ್ಟೋ ಕಿರಿದಾದ ಅಂತರದಲ್ಲಿ ತೇಲುತ್ತಿರುತ್ತದೆ. ಹೀಗೆ ವರ್ಷಗಟ್ಟಲೆ ದುಡಿದ ಯಂತ್ರ ಒಂದು ದಿನ ದಣಿಯುವುದು ಸಹಜ. ಇಂದು ಅದರ ಸ್ಥಾನಕ್ಕೆ ಬಂದಿರುವ ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಮಂದವಾಗಿದ್ದ ಹಳೆಯ ಕಂಪ್ಯೂಟರು ಅದರಿಂದ ಮತ್ತೆ ಚುರುಕಾಗುವುದುಂಟು.

ಹಳೆಯ ಫೈಲುಗಳನ್ನೆಲ್ಲ ಎತ್ತಿ ಹೊಸ ಡಿಸ್ಕಿಗೆ ಹಾಕಿದರೆ ಸಾಲದೆ ಎಂದು ಅನೇಕರು ಕೇಳುತ್ತಾರೆ. ಸಾಲದು. ಪಾತ್ರೆ ಪಡಗಗಳೆಲ್ಲ ಹೊಸ ಮನೆಯನ್ನು ಸೇರಿದರೂ ಒಲೆ ಹೂಡದೆ ಅಡುಗೆಯಾಗದು. ಗುಂಡಿ ಒತ್ತಿದೊಡನೆ ಇಂದಿನ ಕಂಪ್ಯೂಟರು ಹುಡುಕುವುದು, ಡಿಸ್ಕಿನಲ್ಲಿ ಕಣ್ಣಿಗೆ ಬೀಳದಂತೆ ಇರಿಸಿರುವ ಒಂದು ಪುಟ್ಟ ವಿಭಾಗವನ್ನು. ವಿಂಡೋಸ್ ಎಲ್ಲಿದೆ, ಅದನ್ನು ಹೇಗೆ ಎಬ್ಬಿಸಬೇಕು ಎಂಬ ವಿವರ ಇರುವುದು ಅಲ್ಲಿ. ಅದೂ ಬರಬೇಕಾದರೆ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಬೇಕು. ಈ ವಿಧಾನಕ್ಕೆ ಕ್ಲೋನಿಂಗ್ ಎಂದು ಹೆಸರು. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶದಿಂದ ಇದನ್ನು ಮಾಡಬಹುದು. ಸಾಮಾನ್ಯವಾಗಿ ಹೊಸ ಡಿಸ್ಕು ಹಳೆಯದರಷ್ಟಾದರೂ ದೊಡ್ಡದಾಗಿರಬೇಕು.

ಇಲ್ಲಿ ದೊಡ್ಡ ಅಪಾಯವೊಂದುಂಟು. ಯಾವುದರಿಂದ, ಯಾವುದಕ್ಕೆ ಎಂಬುದು ತಿರುವುಮುರುವಾದರೆ, ಬರಿದಾದ ಹೊಸ ಡಿಸ್ಕಿನ ಪಡಿಯಚ್ಚು ತುಂಬಿದ ಹಳೆಯ ಡಿಸ್ಕಿನ ಮೇಲೆ ಬೀಳುತ್ತದೆ. ಆದಕಾರಣ ಎರಡರ ತಯಾರಕರ ಹೆಸರು, ಗಾತ್ರಗಳನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು, ಪರದೆಯೊಡನೆ ತಾಳೆನೋಡಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿಸಂಖ್ಯೆಯನ್ನೂ ಬರೆದಿಡಬೇಕು. ಅಮೂಲ್ಯವಾದ ಫೈಲುಗಳನ್ನಂತೂ ಕೆಲಸಕ್ಕೆ ಕೈಹಚ್ಚುವ ಮೊದಲೇ ಮೂರನೆಯ ಕಡೆಯೊಂದರಲ್ಲಿ ಕಾಪಿಡತಕ್ಕದ್ದು.

ಪ್ರತಿ ಇದೆ ಎಂಬ ನಂಬಿಕೆಯೊಂದೇ ಸಾಲದೆಂಬುದನ್ನು ದೊಡ್ಡ ಸಂಸ್ಥೆಗಳೂ ಕಷ್ಟದಿಂದ ಕಲಿತಿವೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ, ತಯಾರಾಗುತ್ತಿದ್ದ ‘ಟಾಯ್ ಸ್ಟೋರಿ 2’ ಚಿತ್ರದ ಫೈಲುಗಳು ಒಂದು ತಪ್ಪು ಆಜ್ಞೆಯಿಂದ ಬಹುಪಾಲು ಅಳಿಸಿಹೋದವು. ಕಾಪಿಟ್ಟ ಪ್ರತಿಯನ್ನು ತೆರೆದು ನೋಡಿದರೆ ಅದೂ ಸರಿಯಾಗಿರಲಿಲ್ಲ. ಮಗು ಹುಟ್ಟಿದ ಬಳಿಕ ಮನೆಯಿಂದಲೂ ಕೆಲಸ ಮಾಡುತ್ತಿದ್ದ ಗೇಲಿನ್ ಸಸ್ಮನ್ ಎಂಬಾಕೆಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಅಂದು ಆಸರೆಯಾಯಿತು.

ಆದ್ದರಿಂದ ಪಡಿಯಚ್ಚು ಮುಗಿದೊಡನೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಕಂಪ್ಯೂಟರನ್ನು ಆರಿಸಿ, ಹಳೆಯ ಡಿಸ್ಕನ್ನು ಬಿಡಿಸಿ, ಹೊಸದೊಂದರಿಂದಲೇ ಹೊತ್ತಿಸಿ ನೋಡಬೇಕು. ಎರಡೂ ಒಟ್ಟಿಗಿದ್ದರೆ ಒಂದೇ ಗುರುತಿನ ಅವಳಿಗಳನ್ನು ಕಂಡು ವಿಂಡೋಸ್ ಗೊಂದಲಕ್ಕೀಡಾಗಬಹುದು. ಯಂತ್ರ ಎಚ್ಚೆತ್ತ ಮೇಲೆ ನಾಲ್ಕಾರು ಚಿತ್ರಗಳನ್ನೂ ಲೆಕ್ಕದ ಫೈಲುಗಳನ್ನೂ ತೆರೆದು ನೋಡಬೇಕು. ತಾಯಿಯ ಧ್ವನಿಯನ್ನು ಕೊನೆಯವರೆಗೂ ಕೇಳಬೇಕು. ಹಳೆಯ ಡಿಸ್ಕು ಒಂದೆರಡು ತಿಂಗಳು ಬೀರುವಿನಲ್ಲಿ ಹಾಗೆಯೇ ಇರಲಿ. ಹೊಸ ಮನೆಯಲ್ಲಿ ಹಾಲುಕ್ಕಿಸಿದವರೂ ಹಳೆಯ ಮನೆಯ ಬೀಗದ ಕೈಯನ್ನು ಅಂದೇ ಹಿಂದಿರುಗಿಸುವುದಿಲ್ಲ.